ನಕ್ಷತ್ರ ಹುಟ್ಟುವ ಮೋಡಗಳನ್ನು ನೋಡೋದು ಹೇಗೆ?

ನಕ್ಷತ್ರ ಹುಟ್ಟುವ ಜಾಗ ನೋಡಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಹೊಳೆಯುವುದನ್ನೇ ಹುಡುಕುತ್ತಾರೆ. ನೀವು ಕಪ್ಪಗಿರುವುದನ್ನು ಹುಡುಕಿ, ಯಾಕೆಂದರೆ ನಕ್ಷತ್ರ ಹುಟ್ಟುವುದು ಅನಿಲ ಮತ್ತು ಧೂಳಿನ ಕಪ್ಪು ಮೋಡಗಳಲ್ಲಿ.

ಅಮಾವಾಸ್ಯೆಯ ಆಸುಪಾಸು ದೀಪಗಳಿಂದ ದೂರ ಹೋಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ನಡುವೆ ಒಮ್ಮೆ ಮೊಬೈಲ್ ನೋಡಿದಿರೋ ಮತ್ತೆ ಕಾಯಬೇಕು, ಹಾಗಾಗಿ ಅದು ಜೇಬಿನಲ್ಲೇ ಇರಲಿ. ನಕ್ಷೆ ನೋಡಲು ಮಂದವಾದ ಕೆಂಪು ಬೆಳಕು ಸಾಕು.

ಜುಲೈನಿಂದ ಅಕ್ಟೋಬರ್‌ವರೆಗೆ, ಕತ್ತಲಾದ ಮೇಲೆ, ರಾಜಹಂಸ ಪುಂಜದಿಂದ ಧನು ರಾಶಿಯ ಕಡೆಗೆ ಆಕಾಶಗಂಗೆಯ ಉದ್ದಕ್ಕೂ ಕಣ್ಣು ಹಾಯಿಸಿ. ನಡುವೆ ಸೀಳಿಬಿಟ್ಟ ಹಾಗೆ ಒಂದು ಕಪ್ಪು ಪಟ್ಟೆ ಇದೆ. ಮೊದಲ ಸಲ ನೋಡಿದಾಗ ಮೋಡ ಕವಿಯಿತು ಅಂತ ನನಗೆ ಬೇಜಾರಾಗಿತ್ತು. ಮೋಡವೇ ಹೌದು, ಆದರೆ ಜ್ಯೋತಿರ್ವರ್ಷಗಳಾಚೆಯದು! ಅಲ್ಲಿ ನಕ್ಷತ್ರಗಳಿಲ್ಲ ಅಂತಲ್ಲ, ಧೂಳು ಅಡ್ಡ ನಿಂತಿದೆ ಅಷ್ಟೇ.

ಬೈನಾಕ್ಯುಲರ್ ಇದ್ದರೆ ಶ್ರವಣ ನಕ್ಷತ್ರಕ್ಕೆ ಬನ್ನಿ. ಅದರ ಪಕ್ಕದ ಕಿತ್ತಳೆ ಬಣ್ಣದ ಚುಕ್ಕೆಯಿಂದ ಸ್ವಲ್ಪ ಪಶ್ಚಿಮಕ್ಕೆ ಇಂಗ್ಲಿಷಿನ ‘E’ ಅಕ್ಷರದಂಥ ಕಪ್ಪು ಕಲೆ ಸಿಗುತ್ತದೆ. ಹೆಸರು ಬಾರ್ನಾರ್ಡ್ 142 ಮತ್ತು 143. ಖಗೋಳವಿಜ್ಞಾನಿ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ 1919ರಲ್ಲಿ ಇಂಥ 182 ಕಲೆಗಳ ಪಟ್ಟಿ ಪ್ರಕಟಿಸಿದ್ದರು. ಕಲೆಯನ್ನೇ ದಿಟ್ಟಿಸಬೇಡಿ, ಅಂಚಿನಲ್ಲಿ ಚುಕ್ಕೆಗಳು ಎಲ್ಲಿ ನಿಲ್ಲುತ್ತವೆ ಅಂತ ನೋಡಿ.

ನೋಡುವಾಗ ಒಂದು ವಿಷಯ ತಲೆಯಲ್ಲಿರಲಿ. ಇಂಥ ಮೋಡದ ಒಳಗೆ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್ ಚಳಿ. ಬೆಂಕಿಯುಂಡೆಯಂಥ ನಕ್ಷತ್ರ ಇಷ್ಟು ಚಳಿಯಲ್ಲಿ ಹುಟ್ಟುತ್ತದಾ ಅಂತ ಅನಿಸುತ್ತದೆ, ಅಲ್ವಾ? ಚಳಿ ಇರುವುದರಿಂದಲೇ ಹುಟ್ಟುವುದು. ಬಿಸಿ ಅನಿಲ ಹೊರಗೆ ತಳ್ಳುತ್ತದೆ, ತಣ್ಣಗಿದ್ದರೆ ಆ ಒತ್ತಡ ಕಮ್ಮಿ, ಆಗ ಗುರುತ್ವ ಗೆಲ್ಲುತ್ತದೆ, ಮೋಡದ ಗಟ್ಟಿ ಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಎಷ್ಟು ಭಾರಕ್ಕೆ ಕುಸಿಯುತ್ತದೆ ಅನ್ನುವ ಲೆಕ್ಕವನ್ನು ಭೌತವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲೇ ಹಾಕಿದ್ದರು. ಕುಸಿಯುತ್ತಾ ನಡುಭಾಗ ಕಾಯುತ್ತದೆ, ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆಯಲು ಶುರು, ಅಲ್ಲಿಗೆ ನಕ್ಷತ್ರ ಹುಟ್ಟಿತು. ಅಂದ ಹಾಗೆ ‘ಗಟ್ಟಿ’ ಅಂದರೆ ಒಂದು ಘನ ಸೆಂಟಿಮೀಟರ್‌ಗೆ ಹತ್ತು ಸಾವಿರದಿಂದ ಹತ್ತು ಲಕ್ಷ ಅಣು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ 1ರ ಮುಂದೆ 19 ಸೊನ್ನೆ ಇಟ್ಟರೂ ಸಾಲದು. ಆದರೂ ಬೆಳಕು ತೂರುವುದಿಲ್ಲ, ಯಾಕೆಂದರೆ ಅದರಲ್ಲಿ ಧೂಳಿದೆ, ಮೋಡವೂ ಅಷ್ಟು ದಪ್ಪ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಾದರೆ ಮಹಾವ್ಯಾಧನ ಸೊಂಟಪಟ್ಟಿಯಿಂದ ಇಳಿಬಿದ್ದ ಕತ್ತಿಯನ್ನು ನೋಡಿ. ನಡುವಿನ ಮಸುಕು ಚುಕ್ಕೆಯೇ 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ. ಹೊಳೆಯುತ್ತಿರುವುದು ಆಗಲೇ ಹುಟ್ಟಿದ ನಕ್ಷತ್ರಗಳು ಬೆಳಗಿಸಿದ ಅನಿಲ, ಇನ್ನೂ ಹುಟ್ಟಬೇಕಾದವು ಹಿಂದಿನ ಕಪ್ಪು ಮೋಡದಲ್ಲಿವೆ.

ಮನೆಗೆ ಬಂದ ಮೇಲೆ ಅದೇ ಪಟ್ಟಿಯ ಬಾರ್ನಾರ್ಡ್ 68 ಅನ್ನುವ ಕಪ್ಪು ಮೋಡದ ಎರಡು ಫೋಟೊ ಹುಡುಕಿ, ಒಂದು ಸಾಮಾನ್ಯ ಬೆಳಕಿನದು, ಇನ್ನೊಂದು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ, ಧೂಳನ್ನು ತೂರಿ ಬರುವ ಬೆಳಕಿನದು. ಮೊದಲನೆಯದರಲ್ಲಿ ಆಕಾಶಕ್ಕೆ ತೂತು ಬಿದ್ದ ಹಾಗಿದೆ. ಎರಡನೆಯದರಲ್ಲಿ ಹಿಂದಿನ ನಕ್ಷತ್ರಗಳೆಲ್ಲ ಇಣುಕುತ್ತವೆ, ಮೋಡದೊಳಗಿನದು ಮಾತ್ರ ಒಂದೂ ಇಲ್ಲ. ಇನ್ನು 2 ಲಕ್ಷ ವರ್ಷದೊಳಗೆ ಇದೂ ಕುಸಿಯಬಹುದು ಅನ್ನುವ ಲೆಕ್ಕವಿದೆ.