ಕಾರು ಲಾಕ್ ಆಗುತ್ತಿಲ್ಲ ಎಂದು ಫೋನ್ ಮಾಡುವವರಿಗೆ

ಸಾಗರದಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಎಂಜಿನ್ ಬಿಚ್ಚುವುದು ನನ್ನ ಕೆಲಸವಲ್ಲ. ವೈರು, ಫ್ಯೂಸು, ಬ್ಯಾಟರಿ, ಲಾಕು, ಹಾರ್ನ್ ನನ್ನ ಪಾಲಿಗೆ ಬಂದವು. ಮಳೆಗಾಲ ಹಿಡಿಯಿತೆಂದರೆ ಫೋನಿನಲ್ಲಿ ಬರುವ ದೂರು ಹೆಚ್ಚುಕಡಿಮೆ ಒಂದೇ: ‘ಸೆಕ್ಯುರಿಟಿ ಸಿಸ್ಟಂ ಹಾಳಾಗಿದೆ ಮಾರಾಯರೇ, ಬಾಗಿಲೂ ತೆರೆಯುತ್ತಿಲ್ಲ, ಗಾಡಿಯೂ ಸ್ಟಾರ್ಟ್ ಆಗುತ್ತಿಲ್ಲ.’ ಹೋಗಿ ನೋಡಿದರೆ ಸಿಸ್ಟಂ ಗಟ್ಟಿಮುಟ್ಟಾಗಿಯೇ ಇರುತ್ತದೆ. ರಿಮೋಟಿನ ಸೆಲ್ ಮುಗಿದಿರುತ್ತದೆ, ಇಲ್ಲವೇ ಬಾನೆಟ್ ಒಳಗಿನ ಬ್ಯಾಟರಿ ಇಳಿದಿರುತ್ತದೆ. ಕಾರಿನ ಭದ್ರತೆ ಎನ್ನುವುದು ಮುಕ್ಕಾಲು ಪಾಲು ಕರೆಂಟಿನ ವಿಷಯ. ಅದು ತಿಳಿದರೆ ನನ್ನನ್ನು ಕರೆಸುವ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕೀಯಿಂದಲೇ ಶುರು ಮಾಡೋಣ. ಕೈಯಲ್ಲಿ ಹಿಡಿಯುವ ಆ ಒಂದು ಕೀಯೊಳಗೆ ಮೂರು ಬೇರೆ ಬೇರೆ ವಸ್ತುಗಳಿವೆ. ಬೀಗ ತಿರುಗಿಸುವ ಲೋಹದ ಪಟ್ಟಿ ಒಂದು. ಬಾಗಿಲು ಹಾಕಿ ತೆಗೆಯುವ ರಿಮೋಟ್ ಇನ್ನೊಂದು. ಇದಕ್ಕೆ ಗುಂಡಿಯಂಥ ಮೂರು ವೋಲ್ಟಿನ ಸೆಲ್ ಬೇಕು. ಮೂರನೆಯದು ಕಣ್ಣಿಗೆ ಕಾಣದ ಚಿಪ್. ಇದಕ್ಕೆ ಸೆಲ್ ಬೇಡ. ಕೀ ಹಾಕುವ ತೂತಿನ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಇಗ್ನಿಷನ್ ಆನ್ ಮಾಡಿದ ಕೂಡಲೇ ಆ ಸುರುಳಿಯೇ ಚಿಪ್‌ಗೆ ಶಕ್ತಿ ಕೊಟ್ಟು, ಅದರ ಗುರುತನ್ನು ಓದಿ, ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಗುರುತು ಸರಿಹೊಂದದಿದ್ದರೆ ಎಂಜಿನ್ ತಿರುಗಿದರೂ ಹೊತ್ತಿಕೊಳ್ಳುವುದಿಲ್ಲ, ಅಥವಾ ಹೊತ್ತಿಕೊಂಡು ಒಂದೆರಡು ಕ್ಷಣದಲ್ಲಿ ಆರಿಹೋಗುತ್ತದೆ. ಇಮ್ಮೊಬಿಲೈಸರ್ ಎಂದು ಕರೆಯುವುದು ಇದನ್ನೇ.

ಹೀಗಾಗಿ ರಿಮೋಟ್ ಕೆಲಸ ಮಾಡದಿದ್ದರೂ ಕೀ ತಿರುಗಿಸಿ ಓಡಿಸುವ ಕಾರು ಓಡಲೇಬೇಕು. ಓಡದಿದ್ದರೆ ಡ್ಯಾಶ್‌ಬೋರ್ಡ್ ನೋಡಿ. ಕೀಯ ಅಥವಾ ಬೀಗದ ಚಿತ್ರವಿರುವ ದೀಪ ಇಗ್ನಿಷನ್ ಆನ್ ಮಾಡಿದಾಗ ಒಮ್ಮೆ ಬೆಳಗಿ ಆರಿದರೆ ಚಿಪ್ ಸರಿಯಿದೆ ಎಂದರ್ಥ. ಬೆಳಗುತ್ತಲೇ ಇದ್ದರೆ, ಮಿನುಗುತ್ತಲೇ ಇದ್ದರೆ ಕಾರು ಆ ಕೀಯನ್ನು ಗುರುತಿಸಿಲ್ಲ. ಆಗ ಮೊದಲು ಮಾಡಬೇಕಾದದ್ದು ಕೀಗೊಂಚಲು ಬಿಡಿಸುವುದು. ಎರಡು ಕಾರಿನ ಚಿಪ್ ಕೀಗಳನ್ನು ಒಂದೇ ಬಳೆಗೆ ಪೋಣಿಸಿಕೊಂಡು ತಿರುಗುವವರಿದ್ದಾರೆ. ಸುರುಳಿಗೆ ಯಾರ ಮಾತು ಕೇಳಬೇಕೆಂದು ತಿಳಿಯುವುದಿಲ್ಲ. ಒಂದೇ ಕೀ ಹಾಕಿ ನೋಡಿ, ಆಮೇಲೆ ಎರಡನೇ ಕೀ ಹಾಕಿ ನೋಡಿ. ಆಮೇಲೂ ಆಗದಿದ್ದರೆ ಫೋನ್ ಮಾಡಿ.

ರಿಮೋಟಿನ ಸೆಲ್ ಬದಲಿಸಲು ಯಾರೂ ಬೇಡ. ಕೀಯ ಅಂಚಿನಲ್ಲಿ ಸಣ್ಣ ಸೀಳು ಇರುತ್ತದೆ, ಚಪ್ಪಟೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಮೆಲ್ಲಗೆ ಮೀಟಿದರೆ ಎರಡು ಹೋಳಾಗುತ್ತದೆ. ಬಹಳಷ್ಟು ಕೀಗಳಲ್ಲಿ ಇರುವುದು ಸಿಆರ್ 2032; ಕೆಲವದರಲ್ಲಿ 1616 ಅಥವಾ 1620. ನಂಬರ್ ಸೆಲ್ಲಿನ ಮೇಲೆಯೇ ಬರೆದಿರುತ್ತದೆ, ಅದನ್ನೇ ತನ್ನಿ. ತೆಗೆಯುವ ಮೊದಲು ಕೂಡಿಸುವ ಚಿಹ್ನೆ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ಹಿಡಿಯಿರಿ. ಬೆವರುಗೈಯಿಂದ ಸೆಲ್ಲಿನ ಎರಡೂ ಮುಖ ಮುಟ್ಟಬೇಡಿ. ಕೆಲವು ಕೀಗಳಲ್ಲಿ ಚಿಪ್ ಎನ್ನುವುದು ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಡಿ ತುಂಡು. ಕೀ ಬಿಚ್ಚಿದಾಗ ಅದು ಜಾರಿ ಬಿದ್ದು ಕಸದ ಜೊತೆ ಹೋದರೆ ಹತ್ತಾರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿ. ಮುಗಿದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಲ್ಲಿ ಬಿಡಲೇಬೇಡಿ. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಸೆಲ್ ದಾರಿಯಲ್ಲೇ ಮುಗಿದರೆ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆಯಿರಿ. ಹ್ಯಾಂಡಲಿನಲ್ಲಿ ತೂತು ಕಾಣದಿದ್ದರೆ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿರಬಹುದು. ರಿಮೋಟಿನಿಂದ ಲಾಕ್ ಮಾಡಿದ ಕಾರನ್ನು ಕೀಯಿಂದ ತೆಗೆದರೆ ಹಲವು ಮಾದರಿಗಳು ಕಳ್ಳನೆಂದೇ ತಿಳಿದು ಊರೆಲ್ಲ ಕೇಳುವಂತೆ ಕೂಗುತ್ತವೆ. ಗಾಬರಿಯಾಗಿ ಮತ್ತೆ ಬಾಗಿಲು ಹಾಕಿ ನಿಲ್ಲಬೇಡಿ. ಒಳಗೆ ಕುಳಿತು ಅದೇ ಕೀ ಹಾಕಿ ಇಗ್ನಿಷನ್ ಆನ್ ಮಾಡಿ. ಚಿಪ್ ಗುರುತು ಸಿಕ್ಕ ಮೇಲೆ ಸುಮ್ಮನಾಗುತ್ತದೆ.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಕೀಯಲ್ಲೂ ಲೋಹದ ತುಂಡು ಅಡಗಿರುತ್ತದೆ, ಬದಿಯ ಸಣ್ಣ ಚಿಲಕ ಸರಿಸಿ ಎಳೆದರೆ ಹೊರಬರುತ್ತದೆ. ಸ್ಟಾರ್ಟ್ ಮಾಡಲು ಕ್ಲಚ್ ಅಥವಾ ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಕೆಲವು ಕಾರುಗಳಲ್ಲಿ ಅದಕ್ಕೆಂದೇ ಬೇರೆ ಜಾಗ ಕೊಟ್ಟಿರುತ್ತಾರೆ. ಮ್ಯಾನುಯಲ್ ಪುಸ್ತಕದಲ್ಲಿ ಆ ಪುಟ ಹುಡುಕಿ ಒಂದು ಚೀಟಿ ಇಟ್ಟುಕೊಳ್ಳಿ. ಈ ಕಾರುಗಳದ್ದು ಇನ್ನೊಂದು ಫಜೀತಿ ಇದೆ. ಎಂಜಿನ್ ಓಡುತ್ತಿರುವಾಗ ಕೀ ಹೊರಗೆ ಹೋದರೆ ಪೀಂ ಎಂದು ಎಚ್ಚರಿಸುತ್ತದೆಯೇ ಹೊರತು ಎಂಜಿನ್ ನಿಲ್ಲುವುದಿಲ್ಲ. ಗಂಡ ಕೀಯನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ ನಿಲ್ದಾಣದಲ್ಲಿ ಇಳಿದು ಶಿವಮೊಗ್ಗದ ಬಸ್ ಹತ್ತುತ್ತಾನೆ, ಹೆಂಡತಿ ಕಾರನ್ನು ಮಾರ್ಕೆಟ್ಟಿಗೆ ಒಯ್ದು ನಿಲ್ಲಿಸುತ್ತಾಳೆ. ಅಲ್ಲಿಂದ ಮುಂದೆ ಅದು ಅಲುಗುವುದಿಲ್ಲ.

ಲಾಕ್ ಮಾಡಿದ ಮೇಲೆ ಹ್ಯಾಂಡಲ್ ಎಳೆದು ನೋಡುವ ಅಭ್ಯಾಸ ಹಳೆಯ ಕಾಲದ್ದೆಂದು ನಗಬೇಡಿ. ರಿಮೋಟಿನ ಸಂಕೇತವನ್ನು ಅಡ್ಡಗಟ್ಟುವ ಉಪಕರಣ ಹಿಡಿದು ಪಾರ್ಕಿಂಗಿನಲ್ಲಿ ಕಾಯುವ ಕಳ್ಳರಿದ್ದಾರೆ. ನೀವು ಗುಂಡಿ ಒತ್ತಿ ಹಿಂದೆ ನೋಡದೆ ನಡೆಯುತ್ತೀರಿ, ಬಾಗಿಲು ಹಾಕಿಕೊಂಡಿರುವುದೇ ಇಲ್ಲ. ಇಂಡಿಕೇಟರ್ ಮಿನುಗಿತೇ ನೋಡಿ, ಹ್ಯಾಂಡಲ್ ಎಳೆಯಿರಿ. ಇದರ ತದ್ವಿರುದ್ಧದ ತೊಂದರೆಯೂ ಉಂಟು: ರಿಮೋಟಿನಿಂದ ಅನ್‌ಲಾಕ್ ಮಾಡಿ ಅರ್ಧ ನಿಮಿಷದೊಳಗೆ ಯಾವ ಬಾಗಿಲನ್ನೂ ತೆಗೆಯದಿದ್ದರೆ ಬಹಳಷ್ಟು ಕಾರುಗಳು ತಾವಾಗಿಯೇ ಮತ್ತೆ ಲಾಕ್ ಆಗುತ್ತವೆ. ಆದ್ದರಿಂದ ಡಿಕ್ಕಿಗೆ ಸಾಮಾನು ತುಂಬುವಾಗ ಕೀಯನ್ನು ಚೀಲದ ಮೇಲೆ ಇಡಬೇಡಿ, ಜೇಬಿನಲ್ಲೇ ಇರಲಿ.

ಗುಂಡಿ ಸ್ಟಾರ್ಟ್ ಕಾರಿನ ಕೀಯನ್ನು ಮನೆಯ ಮುಂಬಾಗಿಲ ಬಳಿಯ ಮೊಳೆಗೆ ನೇತುಹಾಕುವುದೂ ಒಳ್ಳೆಯದಲ್ಲ. ಒಬ್ಬ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ಉಪಕರಣ ಹಿಡಿದು ನಿಂತು ಕೀಯ ಸಂಕೇತವನ್ನು ದಾಟಿಸಿ ಕಾರು ಒಯ್ಯುವ ಕಳ್ಳತನ ಇದೆ. ಒಳಕೋಣೆಯಲ್ಲಿ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟರೆ ಸಾಕು. ಡಬ್ಬಿ ಸಾಲುವುದೇ ಎಂದು ತಿಳಿಯಲು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಹ್ಯಾಂಡಲಿನ ಗುಂಡಿ ಒತ್ತಿ. ಬಾಗಿಲು ತೆರೆದರೆ ಬೇರೆ ಡಬ್ಬಿ ಹುಡುಕಿ.

ಇನ್ನು ನಡುರಾತ್ರಿ ಕಾರಣವಿಲ್ಲದೆ ಕೂಗುವ ಅಲಾರಂ. ನಮ್ಮ ಕಡೆಯ ಮಳೆಯಲ್ಲಿ ಇದು ಸಾಮಾನ್ಯ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕಾರಿಗೆ ಹೇಳುವುದು ಸಣ್ಣ ಸ್ವಿಚ್ಚು. ಹಲವು ಕಾರುಗಳಲ್ಲಿ ಅದು ಬಾಗಿಲ ಚೌಕಟ್ಟಿನಲ್ಲಿ ರಬ್ಬರ್ ಟೋಪಿ ಹಾಕಿಕೊಂಡು ಕೂತಿರುತ್ತದೆ. ಕೆಮ್ಮಣ್ಣಿನ ಕೆಸರು, ನೀರು ಸೇರಿದರೆ ಅದು ಅಂಟಿಕೊಳ್ಳುತ್ತದೆ, ಮುಚ್ಚಿದ ಬಾಗಿಲನ್ನೂ ತೆರೆದಿದೆ ಎನ್ನುತ್ತದೆ. ಪತ್ತೆ ಮಾಡುವುದು ಸುಲಭ. ಒಳಗಿನ ಮೇಲ್ದೀಪವನ್ನು ಬಾಗಿಲಿನ ಜೊತೆ ಬೆಳಗುವ ಸ್ಥಾನಕ್ಕೆ ಇಟ್ಟು, ಎಲ್ಲ ಬಾಗಿಲು ಮುಚ್ಚಿ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ದೀಪ ಆರಬೇಕು. ಆರದಿದ್ದರೆ ಒಂದೊಂದೇ ಸ್ವಿಚ್ಚನ್ನು ಬೆರಳಿಂದ ಒತ್ತಿ ನೋಡಿ. ಸಿಕ್ಕಿಕೊಂಡದ್ದು ಕೈಗೇ ತಿಳಿಯುತ್ತದೆ. ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಮುಗಿಯಿತು. ಬಾನೆಟ್ಟಿಗೂ ಅಂಥದೇ ಸ್ವಿಚ್ ಇರುವ ಕಾರುಗಳಿವೆ, ಅದನ್ನು ಮರೆಯಬೇಡಿ.

ಬ್ಯಾಟರಿ ವಿಷಯಕ್ಕೆ ಬಂದರೆ ನಾನು ತುಸು ಹೆಚ್ಚು ಮಾತನಾಡುವವನು. ನಮ್ಮೂರಿನಲ್ಲಿ ಬಹಳ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮಗ ಬೆಂಗಳೂರಿನಲ್ಲಿ, ತಂದೆಗೆ ತೋಟದ ಕೆಲಸ, ಕಾರು ಶೆಡ್ಡಿನಲ್ಲಿ. ನಿಂತ ಕಾರೂ ಕರೆಂಟು ತಿನ್ನುತ್ತದೆ: ಅಲಾರಂ, ರಿಮೋಟಿಗೆ ಕಿವಿಗೊಡುವ ಭಾಗ, ಗಡಿಯಾರ ಎಲ್ಲ ಸೇರಿ 50 ಮಿಲಿ ಆಂಪಿಯರ್‌ವರೆಗೆ ಎಳೆಯುವುದು ಸಹಜ. ಲೆಕ್ಕ ಹಾಕಿ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ತಿಂಗಳಲ್ಲಿ ಖಾಲಿ. ಹೊರಗಿನಿಂದ ಹಾಕಿಸಿದ ಜಿಪಿಎಸ್, ಡ್ಯಾಶ್‌ಕ್ಯಾಮ್ ಇತ್ಯಾದಿ ಸೇರಿ 200ಕ್ಕೆ ಏರಿದರೆ ಒಂದು ವಾರ ಸಾಕು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಅಂತೂ ಅದಕ್ಕೂ ಮೊದಲೇ ಕೈ ಚೆಲ್ಲುತ್ತದೆ.

ವೋಲ್ಟ್ ಅಳೆಯಲು ಒಂದು ಅಗ್ಗದ ಮಲ್ಟಿಮೀಟರ್ ಕೊಂಡಿಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಹಿಡಿದರೆ 12.6 ವೋಲ್ಟ್ ಬರಬೇಕು. 12.4 ಇದ್ದರೆ ನಡೆಯುತ್ತದೆ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ತೋರಿಸಿದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಸರಿಯಿದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುತ್ತದೆ, ಅಲ್ಲಿ ಕ್ಷಣಕಾಲ ಕಡಿಮೆ ಕಂಡರೆ ಹೆದರಬೇಡಿ. ನಿಂತ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವವರಿಗೆ ನನ್ನ ವಿನಂತಿ: ಅದು ಬೇಡ. ಸ್ಟಾರ್ಟರ್ ತಿಂದದ್ದೂ ವಾಪಸು ಬರುವುದು ಕಷ್ಟ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ನೆಗೆಟಿವ್ ವೈರ್ ಬಿಚ್ಚಿಡಿ. ಬಿಚ್ಚಿದ ಮೇಲೆ ಅಲಾರಂ, ರಿಮೋಟ್ ಯಾವುದೂ ಇರುವುದಿಲ್ಲ ಎಂಬುದು ನೆನಪಿರಲಿ. ಶೆಡ್ಡಿಗೆ ಬೀಗ ಹಾಕಿ, ಕೀಯನ್ನು ಕಾರಿನೊಳಗೆ ಬಿಡಬೇಡಿ.

ಬಿಚ್ಚುವ ಕ್ರಮ ಹೀಗೆ. ಇಗ್ನಿಷನ್ ಆಫ್, ಕೀ ಹೊರಗೆ. ಹತ್ತರ ಸ್ಪ್ಯಾನರಿನಿಂದ ಮೊದಲು ಕಪ್ಪು ನೆಗೆಟಿವ್, ಆಮೇಲೆ ಕೆಂಪು ಪಾಸಿಟಿವ್. ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ತಿರುಗುಮುರುಗು ಮಾಡಿದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮಳೆಗಾಲದ ಅರ್ಧ ಸೆಕ್ಯುರಿಟಿ ದೂರುಗಳ ಮೂಲ ಈ ಪುಡಿಯೇ. ವೋಲ್ಟೇಜ್ ಕುಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಿನುಗುತ್ತವೆ, ಟಕಟಕ ಸದ್ದು ಬರುತ್ತದೆ, ಲಾಕುಗಳು ತಾವೇ ಕುಣಿಯುತ್ತವೆ. ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಕಿಟಕಿಯ ಗಾಜು ಒಂದೇ ಒತ್ತಿಗೆ ಏರದಿದ್ದರೆ ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡು ಎತ್ತಿ ಹಿಡಿಯಿರಿ, ಬಹುತೇಕ ಕಾರುಗಳಲ್ಲಿ ಸರಿಹೋಗುತ್ತದೆ.

ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ವೈರ್ ಒಳ್ಳೆಯದರ ನೆಗೆಟಿವ್‌ಗೆ. ಅದರ ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಅನಿಲ ನಿಂತಿರಬಹುದು, ಕೊನೆಯ ಕಿಡಿ ಅಲ್ಲಿ ಹಾರಬಾರದು. ಸ್ಟಾರ್ಟ್ ಆದ ಮೇಲೆ ಹಾಕಿದ ಕ್ರಮಕ್ಕೆ ವಿರುದ್ಧವಾಗಿ ತೆಗೆಯಿರಿ.

ಕೀ ತಿರುಗದೆ ಸ್ಟೀರಿಂಗ್ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಸ್ಟೀರಿಂಗನ್ನು ಎಡಬಲಕ್ಕೆ ತುಸು ಅಲುಗಿಸುತ್ತಾ ಕೀ ತಿರುಗಿಸಿದರೆ ಬಿಡುತ್ತದೆ. ಮುಂಗಾಜು ಮಂಜಾದರೆ ಕೈಯಿಂದ ಒರೆಸದೆ ಎ.ಸಿ. ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದೇ ಬರಬೇಕು: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಮಳೆಯಲ್ಲಿ ಓಡಿಸುತ್ತಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವವರ ಹಿಂದೆ ಬರುವವನಿಗೆ ನೀವು ಯಾವ ಕಡೆ ತಿರುಗುತ್ತೀರಿ ಎಂದು ದೇವರೇ ಹೇಳಬೇಕು. ಆ ದೀಪ ನಿಂತ ಕಾರಿಗೆ.

ಕೀ ಕಳೆದರೆ ತಡಮಾಡದೆ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕಳೆದ ಕೀಯ ಗುರುತನ್ನು ಕಾರಿನ ನೆನಪಿನಿಂದ ಅಳಿಸಿಸಿ. ಕಾರು ಕಳುವಾದರೆ ವಿಮೆಯವರು ಎರಡೂ ಮೂಲ ಕೀಗಳನ್ನು ಕೇಳುತ್ತಾರೆ. ಎರಡನೆಯದು ಎಲ್ಲಿ ಹೋಯಿತೆಂದು ಆಗ ಹೇಳುವುದು ಕಷ್ಟ. ಹೊಸ ಕೀಗೆ ದುಡ್ಡು ಹೆಚ್ಚೆಂದು ಕೆಲವರು ಅಡ್ಡದಾರಿ ಹಿಡಿಯುತ್ತಾರೆ: ಲೋಹದ ಪಟ್ಟಿಯನ್ನಷ್ಟೇ ಕತ್ತರಿಸಿಕೊಂಡು, ಚಿಪ್ಪನ್ನು ಸ್ಟೀರಿಂಗ್ ಕವಚದೊಳಗೆ ಸುರುಳಿಯ ಪಕ್ಕದಲ್ಲೇ ಟೇಪ್ ಹಾಕಿ ಅಂಟಿಸಿಸುತ್ತಾರೆ. ಅಲ್ಲಿಗೆ ಇಮ್ಮೊಬಿಲೈಸರ್ ಶಾಶ್ವತವಾಗಿ ತೆರೆದ ಬಾಗಿಲು. ಎಷ್ಟು ದುಡ್ಡು ಕೊಟ್ಟರೂ ನಾನು ಆ ಕೆಲಸ ಮಾಡುವುದಿಲ್ಲ.

ಹಳೆಯ ಕಾರು ಕೊಳ್ಳುವವರು ಇದನ್ನು ಪರೀಕ್ಷಿಸಿಕೊಳ್ಳಬಹುದು. ಮಾರುವವರ ಒಪ್ಪಿಗೆ ಪಡೆದು, ಕೀ ಮಾಡುವವನ ಬಳಿ ಚಿಪ್ ಇಲ್ಲದ ಸಾದಾ ಕೀಯೊಂದನ್ನು ಕತ್ತರಿಸಿಕೊಳ್ಳಿ. ಮೂಲ ಕೀಯನ್ನು ದೂರವಿಟ್ಟು ಸಾದಾ ಕೀ ಹಾಕಿ ತಿರುಗಿಸಿ. ಇಮ್ಮೊಬಿಲೈಸರ್ ಇರುವ ಕಾರು ಅದರಿಂದ ಓಡಬಾರದು. ಓಡಿದರೆ ಸ್ಟೀರಿಂಗ್ ಕವಚ ಬಿಚ್ಚಿಸಿ, ಒಳಗೆ ಅಂಟಿಸಿದ ಚಿಪ್ ತೆಗೆಸಿ, ಎರಡು ಹೊಸ ಕೀಗಳ ಖರ್ಚನ್ನು ಕಾರಿನ ಬೆಲೆಯಲ್ಲಿ ಕಳೆದು ಮಾತಾಡಿ.