ಹಿತ್ತಲಿನಲ್ಲೇ ಇದ್ದ ಥಾಯ್ ಸೂಪು

ಕಳೆದ ಆಶ್ಲೇಷ ಮಳೆಯಲ್ಲಿ ಕಳೆ ಹೊಡೆಯುವ ಮೆಷಿನ್ನನ್ನು ರಿಪೇರಿಗೆಂದು ಚಿಕ್ಕಮಗಳೂರಿಗೆ ಒಯ್ದಿದ್ದೆ. ಎರಡು ಗಂಟೆ ಬಿಟ್ಟು ಬನ್ನಿ ಎಂದರು. ಕೊಡೆಯಿದ್ದೂ ಮೊಣಕಾಲಿನವರೆಗೆ ನೆನೆದು, ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲಿರುವ ಪುಟ್ಟ ಹೋಟೆಲಿಗೆ ಹತ್ತಿದೆ. ಗೋಬಿ ಮಂಚೂರಿ, ಫ್ರೈಡ್ ರೈಸ್‌ಗಳ ಹೋಟೆಲು. ಸ್ವೀಟ್ ಕಾರ್ನ್ ಸೂಪ್ ಕೇಳಿದರೆ, ಜೋಳ ಮುಗಿದಿದೆ ಎಂದ ಹುಡುಗ. “ಥಾಯ್ ಸೂಪ್ ಇದೆ ಸಾರ್, ತೊಮ್ ಖಾ. ಕೊಡಲಾ?” ಬಿಸಿಯಾಗಿದ್ದರೆ ಸಾಕು ಎಂದೆ.

ಬಟ್ಟಲು ಬಂದಾಗ ಮೊದಲು ಮೂಗಿಗೆ ಬಡಿದದ್ದು ನಮ್ಮ ಹಿತ್ತಲಿನ ವಾಸನೆ. ಮಜ್ಜಿಗೆ ಹುಲ್ಲು, ಪೇಟೆಯವರ ಲೆಮನ್ ಗ್ರಾಸ್! ಶೀತವಾದರೆ ಅಮ್ಮ ಕಷಾಯಕ್ಕೆ ಹಾಕುವ ಅದೇ ಹುಲ್ಲು. ತೆಳ್ಳನೆಯ ತೆಂಗಿನಹಾಲು, ಕೋಳಿ, ಅಣಬೆ, ನಿಂಬೆಯ ಹುಳಿ, ಆಮೇಲೆ ನಿಧಾನವಾಗಿ ಗಂಟಲಿಗೆ ಇಳಿಯುವ ಖಾರ. ಇವುಗಳ ಹಿಂದೆ ಶುಂಠಿಯಂತಿದ್ದೂ ಶುಂಠಿಯಲ್ಲದ ಒಂದು ಘಾಟು. ಎರಡನೇ ಬಟ್ಟಲು ತರಿಸಿದರೂ ಅದೇನೆಂದು ಹೊಳೆಯಲಿಲ್ಲ. ಹೋಗಿ ಅಡುಗೆಯವನನ್ನೇ ಕೇಳಿದೆ. ಈಶಾನ್ಯ ರಾಜ್ಯದ ಕಡೆಯ ಹುಡುಗ, ಹಿಂದೆ ರೆಸಾರ್ಟೊಂದರಲ್ಲಿ ದುಡಿದವನು. ಕೆಂಪು ಛಾಯೆಯ, ಉಂಗುರ ಉಂಗುರವಾದ ಗೆಡ್ಡೆಯೊಂದನ್ನು ತೋರಿಸಿದ. ಥಾಯ್ ಭಾಷೆಯಲ್ಲಿ ‘ತೊಮ್’ ಎಂದರೆ ಕುದಿಸುವುದು, ‘ಖಾ’ ಎಂದರೆ ಈ ಗೆಡ್ಡೆ. ನನಗೋ ನಗು ಬಂತು. ಅದು ನಮ್ಮ ದುಂಪರಾಸ್ಮಿ. ಗ್ರಂಧಿಗೆ ಅಂಗಡಿಯಲ್ಲಿ ಒಣ ಬಿಲ್ಲೆಯಾಗಿ ಸಿಗುವ ಕೆಮ್ಮಿನ ಮದ್ದು.

ಎಲ್ಲವೂ ಮನೆಯಲ್ಲೇ ಇದೆ, ಮಾಡುವುದೇನು ಮಹಾ ಎಂದುಕೊಂಡೆ. ಮೊದಲ ಸಲ ದುಂಪರಾಸ್ಮಿಯ ಬದಲು ಶುಂಠಿ ಹಾಕಿ, ಗಟ್ಟಿಹಾಲು, ನಿಂಬೆರಸ ಎಲ್ಲವನ್ನೂ ಒಟ್ಟಿಗೆ ಕುದಿಸಿದೆ. ಹಾಲು ಒಡೆದು ಮೊಸರಿನ ಗಡ್ಡೆಯಂತಾಯಿತು, ನಿಂಬೆ ಕಹಿಯಾಯಿತು. ನಾಯಿಯೂ ಮೂಸಿ ಹೋಯಿತು. ಎರಡನೇ ಸಲ ಒಣ ದುಂಪರಾಸ್ಮಿ ಹಾಕಿದೆ. ತಿಂಗಳುಗಟ್ಟಲೆ ಒಣಗಿದ ಬೇರಿಗೆ ಔಷಧದ ಗುಣ ಉಳಿದಿರಬಹುದು, ಹಸಿಯದರ ಪರಿಮಳವಿಲ್ಲ. “ತೆಂಗಿನಹಾಲಿನ ಕಷಾಯ ಚೆನ್ನಾಗಿದೆ” ಎಂದಳು ಹೆಂಡತಿ. ಕೊನೆಗೆ ಪಕ್ಕದ ತೋಟದ ಅಜ್ಜಿಯ ಮನೆಯಿಂದ ಹಸಿ ಗೆಡ್ಡೆ ತಂದ ಮೇಲೆ ಕೆಲಸ ಕುದುರಿತು.

ಈಗ ನಾನು ಮಾಡುವುದು ಹೀಗೆ. ನಾಲ್ಕು ಜನರಿಗೆ ಒಂದು ದೊಡ್ಡ ತೆಂಗಿನಕಾಯಿ. ಗಟ್ಟಿಹಾಲು ತೆಗೆದು ಬದಿಗಿಟ್ಟು, ಮತ್ತೆ ನೀರು ಹಾಕಿ ಹಿಂಡಿದ ನೀರುಹಾಲು 3 ಲೋಟವನ್ನು ಒಲೆಗಿಡುತ್ತೇನೆ. ಮಜ್ಜಿಗೆ ಹುಲ್ಲಿನ ಗರಿ ಬೇಡ, ಅದು ಕಷಾಯಕ್ಕೆ. ಬುಡದ ಬಿಳಿ ದಂಟು 3, ಒರಳಿನಲ್ಲಿ ಜಜ್ಜಿದ್ದು. ಎರಡು ಇಂಚು ದುಂಪರಾಸ್ಮಿ, ತೆಳು ಬಿಲ್ಲೆಗಳಾಗಿ. ಥಾಯ್ ಜನ ಹಾಕುವುದು ಒಂದರ ತುದಿಗೆ ಇನ್ನೊಂದು ಅಂಟಿಸಿದಂತಿರುವ ಜೋಡಿ ನಿಂಬೆಯೆಲೆ. ನಾನು ಹೇರಳೆ ಗಿಡದ ನಾಲ್ಕು ಎಳೆಯ ಎಲೆಗಳನ್ನು ನಾರು ತೆಗೆದು ಹರಿದು ಹಾಕುತ್ತೇನೆ. ಪರಿಮಳ ಅಷ್ಟು ಚೂಪಲ್ಲ, ಆದರೂ ಸಾಕು. ಹತ್ತು ನಿಮಿಷ ಸಣ್ಣಗೆ ಕುದಿದ ಮೇಲೆ ಕಾಲು ಕಿಲೋ ಕೋಳಿ, ಅದು ಬೆಂದ ಮೇಲೆ ಅಣಬೆ. ಆಮೇಲೆ ಉರಿ ತಗ್ಗಿಸಿ ಗಟ್ಟಿಹಾಲು. ಅಂಚಿನಲ್ಲಿ ಹೊಗೆಯಾಡಿದರೆ ಸಾಕು, ಉಕ್ಕಬಾರದು. ಒಲೆಯಿಂದ ಇಳಿಸಿದ ನಂತರವೇ ಎರಡು ನಿಂಬೆಹಣ್ಣಿನ ರಸ, ಚಿಟಿಕೆ ಬೆಲ್ಲ, ಜಜ್ಜಿದ ಸೂಜಿಮೆಣಸು ಆರೇಳು.

ಉಪ್ಪಿನ ಬದಲು ಅವರು ಬಳಸುವುದು ಸಣ್ಣ ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ಇಳಿಸಿದ ರಸ. ಬೆಂಗಳೂರಿನಿಂದ ತಮ್ಮನ ಮಗ ತಂದುಕೊಟ್ಟ ಬಾಟಲಿಯ ಮುಚ್ಚಳ ತೆಗೆದಾಗ ಮನೆಯವರೆಲ್ಲ ಜಗಲಿಗೆ ಓಡಿದ್ದರು. ಬಟ್ಟಲಿಗೆ ಬಿದ್ದ ಮೇಲೆ ಆ ನಾತವಿರುವುದಿಲ್ಲ, ರುಚಿಗೊಂದು ಆಳ ಬರುತ್ತದೆ. ಮಾಂಸ ತಿನ್ನದವರು ಅಣಬೆ, ಉಪ್ಪಿನಲ್ಲೇ ಮಾಡಬಹುದು. ಸ್ವಲ್ಪ ಬಡವೆನಿಸುತ್ತದೆ, ಕೆಟ್ಟದಲ್ಲ.

ಸೂಜಿಮೆಣಸಿನ ಬಗ್ಗೆ ಒಂದು ಮಾತು. ಹಕ್ಕಿಗಳು ಬಿತ್ತಿ ತೋಟದಲ್ಲಿ ತಾನಾಗಿ ಏಳುವ ಇದನ್ನು ನಮ್ಮದೇ ಎಂದುಕೊಂಡಿದ್ದೆವು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಈ ಕಡೆಗೆ ಬಂದದ್ದು. ಅದು ಬಂದ ಮೇಲೆ ನಮ್ಮ ಹಳೆಯ ಮೆಣಸು ಕಾಳುಮೆಣಸಾಯಿತು. ಥಾಯ್ ಭಾಷೆಯಲ್ಲೂ ‘ಫ್ರಿಕ್’ ಎಂಬ ಹೆಸರನ್ನು ಮೆಣಸಿನಕಾಯಿ ಕಸಿದುಕೊಂಡು, ಕಾಳುಮೆಣಸು ‘ಫ್ರಿಕ್ ಥಾಯ್’ ಎಂದಾಗಿದೆ. ಹೊರಗಿನವನು ಮನೆಯ ಹೆಸರನ್ನೇ ಹೊತ್ತುಕೊಂಡ ಕಥೆ ಎರಡೂ ಕಡೆ ಒಂದೇ.

ದಂಟು, ಎಲೆ, ಬಿಲ್ಲೆಗಳನ್ನು ತಿನ್ನಬಾರದು, ಬಟ್ಟಲಿನ ತಳದಲ್ಲಿ ಬಿಡಬೇಕು ಎಂದು ಆ ಹುಡುಗ ಹೇಳಿದ್ದ. ನಾವೆಲ್ಲ ಹಾಗೆಯೇ ಬಿಡುತ್ತೇವೆ. ಅಮ್ಮ ಮಾತ್ರ ದುಂಪರಾಸ್ಮಿಯ ಬಿಲ್ಲೆಗಳನ್ನು ಆರಿಸಿ ಜಗಿಯುತ್ತಾರೆ. ಬಿಸಾಡಬೇಕಂತೆ ಅಮ್ಮ ಎಂದರೆ, “ಕೆಮ್ಮಿಗೆ ಒಳ್ಳೆಯದು, ನೀನು ಸುಮ್ಮನೆ ಉಣ್ಣು” ಎನ್ನುತ್ತಾರೆ.