ಎಫ್‌ಐಆರ್ ಹಾಕಿಸುವುದು ಹೇಗೆ? ಸಹಿಗೆ ಮುಂಚೆ ಓದಿ

ಹೋದ ವರ್ಷ ಅಕ್ಕನ ಸ್ಕೂಟರ್ ಮನೆ ಮುಂದಿನಿಂದಲೇ ಕಳುವಾಯಿತು. ಠಾಣೆಯಲ್ಲಿ ದೂರು ಬರೆದುಕೊಂಡರು, ಅಕ್ಕ ಗಾಬರಿಯಲ್ಲಿ ಓದದೆ ಸಹಿ ಹಾಕಿದಳು. ಮನೆಗೆ ಬಂದು ನೋಡಿದರೆ ‘ಸ್ಕೂಟರ್ ಕಾಣೆಯಾಗಿದೆ’ ಅಂತ ಇತ್ತು. ಕಾಣೆಯಾದದ್ದಕ್ಕೆ ಯಾರು ಕಳ್ಳನನ್ನು ಹುಡುಕುತ್ತಾರೆ? ಆ ಒಂದು ಪದ ಸರಿ ಮಾಡಿಸಲು ಮೂರು ವಾರ ಅಲೆದೆವು.

ಹಾಗಾಗಿ ಮೊದಲು ಮನೆಯಲ್ಲೇ ಕೂತು ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನಾಯಿತು, ಯಾರು ನೋಡಿದರು. ಗಾಡಿಯಾದರೆ ಚಾಸಿ ನಂಬರ್ ಕೂಡ ಇರಲಿ. ಕಣ್ಣಾರೆ ಕಂಡದ್ದು ಬೇರೆ, ಯಾರೋ ಹೇಳಿದ್ದು ಬೇರೆ, ಎರಡನ್ನೂ ಬೆರೆಸಬೇಡಿ. ಪಕ್ಕದ ಬೀದಿಯ ಹುಡುಗನ ಮೇಲೆ ಸುಮ್ನೆ ಅನುಮಾನ ಇದ್ದರೆ ‘ಅವನೇ ಕದ್ದ’ ಅಂತ ಬರೆಯಲೇಬೇಡಿ. ತನಿಖೆ ಆ ಹೆಸರಿನ ಹಿಂದೆಯೇ ಬಿದ್ದರೆ ಏನೂ ಮಾಡದವನು ಜೈಲು ಸೇರಬಹುದು, ಅವನ ಮನೆಯವರು ಕೋರ್ಟು-ಕಚೇರಿ ಅಂತ ವರ್ಷಗಟ್ಟಲೆ ಅಲೆಯಬೇಕಾಗಬಹುದು, ಕದ್ದವನು ಮಾತ್ರ ಆರಾಮಾಗಿರುತ್ತಾನೆ.

ಆಮೇಲೆ ಠಾಣೆ. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಅಂದರೆ ವಾಪಸ್ ಬರಬೇಡಿ, ಜೀರೋ ಎಫ್‌ಐಆರ್ ಕೇಳಿ, ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ಕೊಡಬಹುದು. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ನೀವು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ನಿಮಗೆ ಓದಿ ಹೇಳಬೇಕು. ಪೊಲೀಸರು ಅವಸರ ಮಾಡಿದರೂ ಪರವಾಗಿಲ್ಲ, ಸಾಲು ಸಾಲಾಗಿ ನೀವೇ ಓದಿ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಾಗಿಲ್ಲ.

ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧಗಳಿಗೆ ಮಾತ್ರ ಎಫ್‌ಐಆರ್. ಉಳಿದ ಅಪರಾಧಗಳ ದೂರನ್ನು ಎನ್‌ಸಿಆರ್ ಅಂತ ಬೇರೆ ದಾಖಲಿಸುತ್ತಾರೆ, ಅದರ ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಕೇಸುಗಳಲ್ಲಿ ಡಿವೈಎಸ್‌ಪಿ ಒಪ್ಪಿದರೆ 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು.

‘ಹಾಕಲ್ಲ’ ಅಂದುಬಿಟ್ಟರೆ? ದೂರಿನಲ್ಲಿ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಜಗಳ ಬೇಡ, ಹಿಂಬರಹ ಕೇಳಿ, ಅಂದರೆ ಯಾಕೆ ಹಾಕಲ್ಲ ಅಂತ ಬರಹದಲ್ಲಿ ಕೊಡುವ ಉತ್ತರ. ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು, ಆ ಹೊತ್ತಿಗೆ ಈ ರಸೀದಿ ಬೇಕಾಗುತ್ತದೆ.

ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಪೋಸ್ಟ್ ಮಾಡಿದ ಮೇಲೆ ಠಾಣೆಯಿಂದ ಫೋನ್ ಬಂತು, ಎಫ್‌ಐಆರ್‌ನಲ್ಲಿ ‘ಕಳುವು’ ಅಂತ ಬಂತು. ಈ ಸಲ ಅಕ್ಕ ಎರಡು ಸಲ ಓದಿ ಸಹಿ ಹಾಕಿದಳು.